ಶಹಾಬಾದ್ ಕಲ್ಲಿನ ಮನೆಯಲ್ಲಿ ಹಾರ್ನ್ ಸ್ಪೀಕರ್

ನಮ್ಮ ಕಡೆ ಹಾರ್ನ್ ಅಂದರೆ ಜನಕ್ಕೆ ಮೊದಲು ನೆನಪಾಗೋದು ಮೈಕ್‌ಸೆಟ್. ಜಾತ್ರೆ, ಉರುಸು, ಮದುವೆ, ಚುನಾವಣೆ ಪ್ರಚಾರ, ಎಲ್ಲಾ ಕಡೆ ಅದೇ ಅಲ್ಯೂಮಿನಿಯಂ ಬಾಯಿ. ಅಂಥದ್ದನ್ನು ಹಾಲ್‌ನಲ್ಲಿ ಇಟ್ಟು ಸಂಗೀತ ಕೇಳುತ್ತೇನೆ ಅಂದಾಗ ಗೆಳೆಯ ಹೇಳಿದ್ದು ಇಷ್ಟೇ: "ಅದು ಒದರ್ತದಪಾ. ಕೂತು ಕೇಳೋ ಸಾಮಾನಲ್ಲ ಅದು."

ಆ ಒದರುವ ಗುಣ ಹಾರ್ನ್‌ದೇನಾ, ಇಲ್ಲಾ ಅದನ್ನು ಜೋಡಿಸುವ ರೀತಿಯದಾ? ತಿಳಿಯೋಕೆ ಒಂದೇ ಬಾಸ್ ಡಬ್ಬಿ, ಒಂದೇ ಡ್ರೈವರ್ (ಹಾರ್ನ್ ಹಿಂದೆ ಕೂತು ಶಬ್ದ ಹುಟ್ಟಿಸುವ ಭಾಗ) ಇಟ್ಟುಕೊಂಡು ಹಾರ್ನ್ ಮಾತ್ರ ಬದಲಿಸಿ ಕೇಳಿದೆ. ಪೇಟೆಯಲ್ಲಿ ಸಿಗುವ ಆಯತಾಕಾರದ ಪ್ಲಾಸ್ಟಿಕ್ ಹಾರ್ನ್ ಒಂದು. ಪ್ಲೈವುಡ್‌ನಲ್ಲಿ ಮಾಡಿದ ದುಂಡು ಹಾರ್ನ್ ಇನ್ನೊಂದು. ಜೊತೆಗೆ ಸುಮ್ನೆ ನೋಡೋಣ ಅಂತ ಹಳೇ ಮೈಕ್‌ಸೆಟ್ ಹಾರ್ನ್ ಜೋಡಿ. ಕೇಳಿದ್ದು ಕಲಬುರಗಿಯ ಸಾಮಾನ್ಯ ಹಾಲ್‌ನಲ್ಲಿ: ನೆಲಕ್ಕೆ ಶಹಾಬಾದ್ ಕಲ್ಲು, ಮೇಲೆ ಸ್ಲ್ಯಾಬ್, ನಾಲ್ಕೂ ಕಡೆ ಗಿಲಾವು ಮಾಡಿದ ಗೋಡೆ. ಚಪ್ಪಾಳೆ ತಟ್ಟಿದರೆ ಹಾಲ್ ತಿರುಗಿ ಉತ್ತರ ಕೊಡುತ್ತದೆ.

ಮೊದಲು ಹಾರ್ನ್ ಯಾಕೆ ಅನ್ನೋದು ಸ್ವಲ್ಪ. ಮಾಮೂಲಿ ಸ್ಪೀಕರ್‌ನ ಕೋನ್ ಗಾಳಿಯನ್ನು ತಳ್ಳುತ್ತದೆ. ಆದರೆ ಗಾಳಿ ತೀರಾ ಹಗುರ, ಹಿಡಿತಕ್ಕೆ ಸಿಗದೆ ಪಕ್ಕಕ್ಕೆ ಜಾರುತ್ತದೆ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ 92 ಡೆಸಿಬೆಲ್ ಬಂದರೆ, ಕೊಟ್ಟದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಶಬ್ದವಾಯಿತು ಅಂತ ಲೆಕ್ಕ. ಉಳಿದದ್ದೆಲ್ಲಾ ಕಾಯಿಲ್ ಬಿಸಿ ಮಾಡೋಕೆ ಹೋಯಿತು. ಹಾರ್ನ್‌ನ ಸಣ್ಣ ಗಂಟಲಲ್ಲಿ ಗಾಳಿಗೆ ಜಾರೋಕೆ ಜಾಗ ಇಲ್ಲ. ಅಲ್ಲಿ ಒತ್ತಡ ಜಾಸ್ತಿ. ಮುಂದೆ ಬಾಯಿ ನಿಧಾನಕ್ಕೆ ಅಗಲವಾಗುತ್ತಾ ಆ ಒತ್ತಡವನ್ನು ದೊಡ್ಡ ಜಾಗದ ಗಾಳಿಗೆ ದಾಟಿಸುತ್ತದೆ. ಹಾಗಾಗಿ ಅದೇ ಒಂದು ವಾಟ್‌ಗೆ 105, 106 ಡೆಸಿಬೆಲ್ ಸಿಗುತ್ತದೆ.

ಇದರ ಲಾಭ ಜೋರು ಶಬ್ದ ಅಂತ ತಿಳಿಯಬೇಡಿ. ಲಾಭ ಇರೋದು ಹಲಗೆ ಏಟಿನಂಥ ಕಡೆ. ಅಂಥ ಏಟು ಸರಾಸರಿ ಶಬ್ದಕ್ಕಿಂತ 20 ಡೆಸಿಬೆಲ್ ಮೇಲಕ್ಕೆ ಹಾರಬಹುದು. 20 ಡೆಸಿಬೆಲ್ ಅಂದರೆ ನೂರು ಪಟ್ಟು ಪವರ್. ಒಂದು ವಾಟ್‌ಗೆ 86 ಡೆಸಿಬೆಲ್ ಕೊಡುವ ಸಣ್ಣ ಸ್ಪೀಕರ್‌ಗೆ ಸರಾಸರಿ ಒಂದು ವಾಟ್ ಹೋಗುತ್ತಿದ್ದರೆ ಆ ಏಟಿಗೆ 100 ವಾಟ್ ಬೇಕು. 96 ಡೆಸಿಬೆಲ್‌ನದಕ್ಕೆ 10 ವಾಟ್ ಸಾಕು. ಸಣ್ಣ ಆಂಪ್ಲಿಫೈಯರ್ ಬೆವರುವುದಿಲ್ಲ, ಕಾಯಿಲ್ ಕಾಯುವುದಿಲ್ಲ, ಏಟು ಏಟಾಗಿಯೇ ಬರುತ್ತದೆ.

ಆಂಪ್ಲಿಫೈಯರ್‌ನಲ್ಲಿ ಕೆಲವೇ ವಾಟ್ ಇದ್ದ ಕಾಲದಲ್ಲಿ ಇದೇ ಕಾರಣಕ್ಕೆ ಹಾರ್ನ್ ಬಿಟ್ಟರೆ ಗತಿ ಇರಲಿಲ್ಲ. ಅಮೆರಿಕದ ಪಾಲ್ ಕ್ಲಿಪ್ಷ್ 1946ರಲ್ಲಿ ಮಾರಾಟಕ್ಕೆ ತಂದ ಕ್ಲಿಪ್ಷ್‌ಹಾರ್ನ್ ಮನೆಯ ಮೂಲೆಯ ಎರಡು ಗೋಡೆಗಳನ್ನೇ ಹಾರ್ನ್‌ನ ಮುಂದುವರಿಕೆ ಮಾಡಿಕೊಳ್ಳುತ್ತಿತ್ತು. ಬಾಸ್‌ಗೆ ಹಾರ್ನ್ ಮಾಡೋಕೆ ಅಂಥ ಉಪಾಯವೇ ಬೇಕು. 40 ಹರ್ಟ್ಜ್‌ನ ಅಲೆ ಎಂಟೂವರೆ ಮೀಟರ್ ಉದ್ದ. ಬಯಲಲ್ಲಿ ಅದಕ್ಕೆ ಸರಿಯಾದ ಹಾರ್ನ್‌ನ ಬಾಯಿ ಸುಮಾರು 2.7 ಮೀಟರ್ ಅಡ್ಡಗಲ ಇರಬೇಕು. ನನ್ನ ಮನೆ ಬಾಗಿಲಲ್ಲಿ ಅದು ಹಿಡಿಯೋದೇ ಇಲ್ಲ. ಆದ್ದರಿಂದ ಬಾಸ್‌ಗೆ 12 ಇಂಚಿನ ಪೇಪರ್ ಕೋನ್ ವೂಫರ್, 18 ಎಂ.ಎಂ. ಪ್ಲೈ ಡಬ್ಬಿ. ಅದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ.

ಡ್ರೈವರ್ ರಿಪೇರಿ

ಕಂಪ್ರೆಷನ್ ಡ್ರೈವರ್ ಜೋಡಿ ಸೆಕೆಂಡ್ ಹ್ಯಾಂಡ್. ಒಂದು ಇಂಚಿನ ಗಂಟಲು, ಒಳಗೆ 44 ಎಂ.ಎಂ. ಟೈಟಾನಿಯಂ ಡಯಾಫ್ರಾಮ್ (ನಡುಗಿ ಶಬ್ದ ಮಾಡುವ ತೆಳು ತಗಡು). ಒಂದು ಸರಿ ಇತ್ತು. ಇನ್ನೊಂದು ತಾರಕ ಸ್ವರ ಬಂದಾಗಲೆಲ್ಲಾ 'ಕರ್ರ್' ಅನ್ನುತ್ತಿತ್ತು. ಮಲ್ಟಿಮೀಟರ್‌ನಲ್ಲಿ ಎರಡೂ ಆರು ಓಮ್ ಆಸುಪಾಸು ತೋರಿಸಿದವು, ಅಂದರೆ ಕಾಯಿಲ್ ಸುಟ್ಟಿಲ್ಲ.

ಹಿಂದಿನ ಮುಚ್ಚಳದ ಸ್ಕ್ರೂ ತೆಗೆದು ಡಯಾಫ್ರಾಮ್ ಎತ್ತಿದೆ. ಅಂಚಿನ ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದಕ್ಕಿಂತ ಕೆಟ್ಟದ್ದು ಮ್ಯಾಗ್ನೆಟ್ ಸಂದಿಯಲ್ಲಿ ಇತ್ತು: ತುಕ್ಕಿನ ಪುಡಿ, ಧೂಳು, ಕಬ್ಬಿಣದ ಸಣ್ಣ ಚೂರು. ಆ ಸಂದಿ ಒಂದು ಮಿಲಿಮೀಟರ್ ಆಸುಪಾಸು. ಗಾಳಿ ಊದಿದರೆ ಚೂರು ಹೊರಗೆ ಬರೋದಿಲ್ಲ, ಮ್ಯಾಗ್ನೆಟ್ ಬಿಡಬೇಕಲ್ಲ. ದಪ್ಪ ಕಾಗದದ ಪಟ್ಟಿಗೆ ಎರಡೂ ಕಡೆ ಅಂಟುವ ಟೇಪ್ ಸುತ್ತಿ, ಸಂದಿಯಲ್ಲಿ ಇಳಿಸಿ, ಸುತ್ತಲೂ ಒಮ್ಮೆ ಎಳೆಯಬೇಕು. ಪಟ್ಟಿ ಕಪ್ಪಾಗಿ ಬರುತ್ತದೆ. ಬಿಳಿಯಾಗಿ ಬರುವವರೆಗೂ ಇದೇ ಕೆಲಸ. ಕಬ್ಬಿಣದ ಸ್ಕ್ರೂಡ್ರೈವರ್ ಮಾತ್ರ ಹತ್ತಿರ ತರಬಾರದು. ಮ್ಯಾಗ್ನೆಟ್ ಎಳೆದುಕೊಂಡರೆ ಸಂದಿಯ ಅಂಚು ಹೋಯಿತು ಅಂತಲೇ.

ಹೊಸ ಡಯಾಫ್ರಾಮ್ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ, ಸಣ್ಣ ದನಿಯಲ್ಲಿ 1 ಕಿಲೋಹರ್ಟ್ಜ್‌ನಿಂದ ಮೇಲಕ್ಕೆ ಸ್ವೀಪ್ (ಏರುತ್ತಾ ಹೋಗುವ ಸ್ವರ) ಬಿಟ್ಟು ಕೇಳಿದೆ. 'ಕರ್ರ್' ಇಲ್ಲ. ಎರಡೂ ಡ್ರೈವರ್‌ನ ಗ್ರಾಫ್ ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಕೂರುತ್ತಿದ್ದವು.

ಹದಿಮೂರು ಉಂಗುರ

ದುಂಡು ಹಾರ್ನ್‌ಗೆ ಆರಿಸಿದ್ದು ಟ್ರ್ಯಾಕ್ಟ್ರಿಕ್ಸ್ ಅನ್ನುವ ವಕ್ರ. 1920ರ ದಶಕದಲ್ಲಿ ಇಂಗ್ಲೆಂಡಿನ ಪಾಲ್ ವಾಯ್ಟ್ ಇದನ್ನು ಸ್ಪೀಕರ್‌ಗೆ ತಂದವರು. ಗಂಟಲ ಹತ್ತಿರ ತೀರಾ ಸಾವಕಾಶ ಅಗಲವಾಗುತ್ತದೆ, ಬಾಯಿಯ ಹತ್ತಿರ ಒಮ್ಮೆಲೇ ಹೊರಕ್ಕೆ ತಿರುಗುತ್ತದೆ. ಬಾಯಿಯ ಅಂಚು ಚೂಪಾಗಿ ನಿಲ್ಲದೆ ಪಕ್ಕಕ್ಕೆ ಮಲಗುವುದರಿಂದ ಶಬ್ದ ಅಲ್ಲಿಂದ ಗಂಟಲಿಗೆ ವಾಪಸ್ ಬರೋದು ಕಮ್ಮಿ.

ಬಾಯಿಯ ಅರೆ ವ್ಯಾಸ 12 ಸೆಂ.ಮೀ. ಇಟ್ಟೆ. ಕಟ್‌ಆಫ್, ಅಂದರೆ ಹಾರ್ನ್ ಕೆಲಸ ಬಿಡುವ ಕೆಳಗಿನ ಮಿತಿ, ಅದರ ಲೆಕ್ಕ ಸುಲಭ: ಶಬ್ದದ ವೇಗವನ್ನು ಬಾಯಿಯ ಸುತ್ತಳತೆಯಿಂದ ಭಾಗಿಸಿದರೆ ಆಯಿತು. ಸೆಕೆಂಡಿಗೆ 343 ಮೀಟರ್ ಹಿಡಿದರೆ 455 ಹರ್ಟ್ಜ್. (ಅದು 20 ಡಿಗ್ರಿಯ ವೇಗ. ನಮ್ಮ ಮೇ ತಿಂಗಳ 40 ಡಿಗ್ರಿಯಲ್ಲಿ 355 ಆಗುತ್ತದೆ, ಕಟ್‌ಆಫ್ 470ಕ್ಕೆ ಏರುತ್ತದೆ. ಅದರಿಂದ ಏನೂ ಕೆಡೋದಿಲ್ಲ. ಕೆಡೋದು ಕೇಳುವವನ ತಲೆ.) ಒಂದು ಇಂಚಿನ ಗಂಟಲಿನಿಂದ ಬಾಯಿವರೆಗೆ ಉದ್ದ 23.3 ಸೆಂ.ಮೀ. ಬಂತು. 18 ಎಂ.ಎಂ. ಪ್ಲೈ ಹದಿಮೂರು ಪದರ ಇಟ್ಟರೆ 23.4. ಇಷ್ಟು ಚೆನ್ನಾಗಿ ಕೂಡಿಬಂದ ಮೇಲೆ ಬೇರೆ ಅಳತೆ ಯೋಚಿಸಲೇ ಇಲ್ಲ.

ಪ್ರತಿ ಪದರಕ್ಕೂ ಒಂದು ಉಂಗುರ. ಮೊದಲ ಉಂಗುರದ ತೂತು 25 ಎಂ.ಎಂ.ನಿಂದ ಶುರುವಾಗಿ ಇನ್ನೊಂದು ಬದಿಗೆ ಬರುವಾಗ ಬರೀ 29 ಚಿಲ್ಲರೆ. ಕೊನೆಯ ಉಂಗುರದಲ್ಲಿ ಅದೇ 18 ಎಂ.ಎಂ. ದಪ್ಪದೊಳಗೆ ಹದಿನೇಳೂವರೆ ಸೆಂ.ಮೀ.ನಿಂದ 24ಕ್ಕೆ ಹಾರಬೇಕು. ಕೊರೆದುಕೊಟ್ಟ ಬಡಿಗೇರ ಕಾಕಾ ಅಂಗಡಿ ತುಂಬಾ ಬಿದ್ದ ಚೂರು ನೋಡಿ ಕೇಳಿದರು: "ಕಟಗಿ ಎಲ್ಲಾ ಹೊರಗ ಹೋತು. ನಿಮಗ ಬೇಕಾಗಿದ್ದು ನಡುವಿನ ತೂತಷ್ಟೇ ಏನ್ರೀ?"

"ಹೌದ್ರಿ ಕಾಕಾ, ತೂತಾ ಸ್ವಚ್ಛ ಬಂದ್ರ ಸಾಕು."

"ಹಂಗಾದ್ರ ರೊಕ್ಕ ತೂತಿಂದೂ ಕೂಡಿಸ್ತೀನಿ ನೋಡ್ರಿ."

ಫೆವಿಕಾಲ್ ಹಚ್ಚಿ, ಶಿಕಂಜದಲ್ಲಿ ಬಿಗಿದು, ಒಣಗಿದ ಮೇಲೆ ಒಳಗಿನ ಮೆಟ್ಟಿಲುಗಳನ್ನು ಉಜ್ಜಿ ತೆಗೆಯುವುದೇ ದೊಡ್ಡ ಕೆಲಸ. ತಗಡಿನಲ್ಲಿ ವಕ್ರದ ಅಚ್ಚು ಕತ್ತರಿಸಿಕೊಂಡು ಒಳಗೆ ಇಳಿಸಿ ತಿರುಗಿಸಬೇಕು. ಎಲ್ಲಿ ತಾಗುತ್ತದೋ ಅಲ್ಲಿ ಉಜ್ಜಬೇಕು, ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಕಟ್ಟಿಗೆ ಪುಡಿ ಮತ್ತು ಫೆವಿಕಾಲ್ ಕಲಸಿ ತುಂಬಬೇಕು. ಗಂಟಲ ಕಡೆಯ ನಾಲ್ಕೈದು ಉಂಗುರಕ್ಕೆ ಕೈ ಹೋಗೋದಿಲ್ಲ. ಕೋಲಿಗೆ ಉಜ್ಜುಕಾಗದ ಸುತ್ತಿ ತಿರುವಿದೆ. ಕಿವಿಗೆ ಜಾಸ್ತಿ ಗೊತ್ತಾಗೋದು ಈ ಗಂಟಲ ಭಾಗವೇ. ಅಲ್ಲಿ ಒಂದು ಮಿಲಿಮೀಟರ್ ಮೆಟ್ಟಿಲು ಉಳಿದರೂ ತಾರಕದ ಗ್ರಾಫ್‌ನಲ್ಲಿ ಕಾಣುತ್ತದೆ. ಡ್ರೈವರ್ ಕೂರಿಸುವ ಅಲ್ಯೂಮಿನಿಯಂ ತಟ್ಟೆಯನ್ನು ಕಪನೂರಿನ ಲೇಥ್ ಅಂಗಡಿಯಲ್ಲಿ ತಿರುವಿಸಿದ್ದೂ ಇದಕ್ಕೇ.

ಪ್ಲಾಸ್ಟಿಕ್ ಹಾರ್ನ್‌ಗೆ ಮಾಡಿದ ಉಪಚಾರ ಎರಡೇ. ಬೆರಳ ಗೆಣ್ಣಿನಿಂದ ಬಡಿದರೆ ಅದು 'ಟೊಂಯ್' ಅನ್ನುತ್ತಿತ್ತು. ಹಿಂಬದಿಗೆ ಡಾಂಬರ್ ಶೀಟ್ ಅಂಟಿಸಿದ ಮೇಲೆ 'ಟಕ್' ಅಂದಿತು. ಬಾಯಿಯ ಚೂಪು ಅಂಚಿನ ಸುತ್ತ ಹಳೇ ಕಂಬಳಿಯ ಎರಡು ಇಂಚಿನ ಪಟ್ಟಿ ಹೊಲಿದು ಅಂಟಿಸಿದೆ.

ಕ್ರಾಸ್‌ಓವರ್ ಮತ್ತು ಹಿಂದೆ ಮುಂದೆ

ಶಬ್ದವನ್ನು ವೂಫರ್‌ಗೂ ಹಾರ್ನ್‌ಗೂ ಹಂಚಿಕೊಡುವ ಸರ್ಕ್ಯೂಟೇ ಕ್ರಾಸ್‌ಓವರ್. ವೂಫರ್ ಬಿಟ್ಟು ಹಾರ್ನ್ ಹಿಡಿಯುವ ಜಾಗ 1200 ಹರ್ಟ್ಜ್. ಎರಡೂ ಕಡೆ 8.2 ಮೈಕ್ರೋಫ್ಯಾರಡ್ ಕೆಪಾಸಿಟರ್, 2.1 ಮಿಲಿಹೆನ್ರಿ ಕಾಯಿಲ್. ಕಾಯಿಲ್ ಸುತ್ತಿಕೊಟ್ಟದ್ದು ಪಂಪ್ ಮೋಟರ್ ರಿವೈಂಡಿಂಗ್ ಅಂಗಡಿಯವರು. ಎಲ್‌ಸಿಆರ್ ಮೀಟರ್ (ಕಾಯಿಲ್, ಕೆಪಾಸಿಟರ್ ಅಳೆಯುವ ಮೀಟರ್) ಹಿಡಿದು ಪಕ್ಕದಲ್ಲೇ ಕೂತು ಸುತ್ತು ಬಿಚ್ಚಿಸಿ ಬಿಚ್ಚಿಸಿ ಅಳತೆಗೆ ತಂದೆ. ಹಾರ್ನ್ 106, ವೂಫರ್ 96. ಈ ಹತ್ತು ಡೆಸಿಬೆಲ್ ಇಳಿಸೋಕೆ ಸಾಲಿನಲ್ಲಿ 5.6 ಓಮ್, ಅಡ್ಡಕ್ಕೆ 3.9 ಓಮ್ ಸಿಮೆಂಟ್ ರೆಸಿಸ್ಟರ್. ಇದರಿಂದ ಇನ್ನೊಂದು ಉಪಕಾರ ಆಯಿತು. ಇಷ್ಟು ಚುರುಕಿನ ಡ್ರೈವರ್‌ಗೆ ಆಂಪ್ಲಿಫೈಯರ್‌ನ 'ಸ್ಸ್' ಸದ್ದೂ ಕೇಳುತ್ತಿತ್ತು, ಅದೂ ಹತ್ತು ಡೆಸಿಬೆಲ್ ಇಳಿಯಿತು. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗಿನ ಗುಂಯ್ ಮಾತ್ರ ಈಗಲೂ ಇದೆ. ನನ್ನದು ಚೌಕ ಅಲೆಯ ಹಳೇ ಇನ್ವರ್ಟರ್. ಹಾರ್ನ್ ಯಾರ ಗುಟ್ಟನ್ನೂ ಮುಚ್ಚಿಡುವುದಿಲ್ಲ.

ಜನ ಮರೆಯುವ ಸಂಗತಿ ಇಲ್ಲಿದೆ. ದುಂಡು ಹಾರ್ನ್‌ನ ಡ್ರೈವರ್ ಬಾಯಿಯಿಂದ 24 ಸೆಂ.ಮೀ. ಹಿಂದೆ ಕೂತಿದೆ. ವೂಫರ್ ಕಾಯಿಲ್ ಡಬ್ಬಿಯ ಮುಖದಿಂದ ಎಂಟು, ಒಂಬತ್ತು ಸೆಂ.ಮೀ. ಹಿಂದೆ ಅಷ್ಟೇ. ಎರಡರ ಮುಖ ಸಮ ಇಟ್ಟರೆ ವ್ಯತ್ಯಾಸ 15 ಸೆಂ.ಮೀ. 1200 ಹರ್ಟ್ಜ್‌ನ ಅಲೆಯ ಉದ್ದ 28.6 ಸೆಂ.ಮೀ. ಅಂದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿರುತ್ತದೆ. ಸರಿಯಾಗಿ ಕೈ ಬದಲಾಗುವ ಜಾಗದಲ್ಲೇ ಹೊಂಡ ಬೀಳುತ್ತದೆ. ಹೊಂಡದ ಆಚೆ ಇರುವ 2, 3 ಕಿಲೋಹರ್ಟ್ಜ್ ಒಂಟಿಯಾಗಿ ಎದ್ದು ನಿಲ್ಲುತ್ತದೆ. ಕೇಳುವವರು "ಹಾರ್ನ್ ಕಿವಿ ಚುಚ್ಚುತ್ತದೆ" ಅನ್ನುತ್ತಾರೆ.

ಪರಿಹಾರಕ್ಕೆ ಹಾರ್ನ್ ಅನ್ನು ಡಬ್ಬಿಯ ಮೇಲೆ ಬಿಡಿಯಾಗಿ ಇಟ್ಟೆ. ಸ್ಪೀಕರ್ ಮಾಳಿಗೆಗೆ ಒಯ್ದು, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಒಂದು ಮೀಟರ್ ದೂರದಲ್ಲಿ ಮೈಕ್. ಈ ಅಳತೆಯಲ್ಲಿ ನೆಲಕ್ಕೆ ಬಡಿದ ಶಬ್ದ ಮೈಕಿಗೆ ಬರೋದು ಮೂರೂವರೆ ಮಿಲಿಸೆಕೆಂಡ್ ತಡವಾಗಿ. ಅಲ್ಲಿಗೆ ಕತ್ತರಿಸಿದರೆ 300 ಹರ್ಟ್ಜ್‌ನಿಂದ ಮೇಲಿನ ಗ್ರಾಫ್ ನಂಬಬಹುದು. ಗ್ರಾಫ್ ತೆಗೆಯುವ ರೂಮ್ ಈಕ್ಯೂ ವಿಝಾರ್ಡ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಈ ಬಗೆಯ ಕ್ರಾಸ್‌ಓವರ್‌ನಲ್ಲಿ ಹಾರ್ನ್‌ನ ತಂತಿ ಉಲ್ಟಾ ಇದ್ದಾಗ ಎರಡೂ ಕೂಡುತ್ತವೆ, ಸುಲ್ಟಾ ಇದ್ದಾಗ ಕಳೆಯುತ್ತವೆ. ಹಾಗಾಗಿ ಬೇಕಂತಲೇ ಸುಲ್ಟಾ ಹಾಕಿ, ಹಾರ್ನ್ ಮುಂದಕ್ಕೆ ಜರುಗಿಸುತ್ತಾ, 1200ರ ಹೊಂಡ ಅತಿ ಆಳವಾಗುವ ಜಾಗ ಹುಡುಕಿದೆ. ಸಿಕ್ಕಿದ ಮೇಲೆ ತಂತಿ ಉಲ್ಟಾ ಮಾಡಿದೆ. ಗೆರೆ ನೆಟ್ಟಗೆ. ಹಾರ್ನ್ ಈಗ ಡಬ್ಬಿಯಿಂದ ಮುಂದಕ್ಕೆ ಚಾಚಿಕೊಂಡಿದೆ. ಹೆಂಡತಿ ಬಂದು ನೋಡಿ, "ಬೀಳ್ತದ್ರೀ ಅದು, ಹಿಂದ ಸರಸ್ರಿ" ಅಂದಳು. ಹಿಂದೆ ಒಂದು ಕಬ್ಬಿಣದ ಪಟ್ಟಿ ಕಟ್ಟಿಕೊಟ್ಟೆ, ಮಾತು ಮುಗಿಯಿತು.

ಕೇಳಿದ್ದು

ಎಲ್ಲಕ್ಕೂ ಮೊದಲು ದನಿ ಸಮ ಮಾಡಬೇಕು. ಒಂದು ಡೆಸಿಬೆಲ್ ಜಾಸ್ತಿ ಇದ್ದದ್ದು 'ಸ್ಪಷ್ಟ' ಅನಿಸುತ್ತದೆ, ಅದು ಕಿವಿಯ ಚಾಳಿ. ಪಿಂಕ್ ನಾಯ್ಸ್ (ಎಲ್ಲಾ ಸ್ವರ ಬೆರೆತ 'ಶ್ಶ್' ಸದ್ದು) ಬಿಟ್ಟು ಅರ್ಧ ಡೆಸಿಬೆಲ್‌ನೊಳಗೆ ತಂದೆ. ಎದುರಿಗೆ ತೆಳು ಪಂಚೆ ಕಟ್ಟಿ, ಹಿಂದೆ ತಮ್ಮನನ್ನು ನಿಲ್ಲಿಸಿ, ಯಾವುದು ಹಾಕಿದ ಅಂತ ಹೇಳಬಾರದು ಅಂದೆ. ಕೇಳಿಸಿದ್ದರಲ್ಲಿ ನಾನು ನಂಬಿದ್ದು ನಮ್ಮ ಓಣಿಯ ಭಜನೆಯವರ ರೆಕಾರ್ಡಿಂಗ್, ನಾನೇ ಮಾಡಿದ್ದು: ಏಕತಾರಿ, ದಮ್ಮಡಿ, ತಾಳ, ಒಬ್ಬರ ದಪ್ಪ ದನಿ. ಆ ತಾಳ ಎದುರಿಗೆ ಹೇಗೆ ಕೇಳುತ್ತದೆ ಅಂತ ನನಗೆ ಗೊತ್ತು.

ಮೈಕ್‌ಸೆಟ್ ಹಾರ್ನ್ ಬೇಗ ಹೊರಗೆ ಬಿತ್ತು. ಒಳಗೆ ಮಡಚಿದ ದಾರಿ, ತೆಳು ಅಲ್ಯೂಮಿನಿಯಂ. ಮಾತಿನ ಒಂದೊಂದು ಅಕ್ಷರವೂ ಬಿಡಿಬಿಡಿ ಕೇಳುತ್ತದೆ, ಅದನ್ನು ಮಾಡಿದ್ದೇ ಅದಕ್ಕೆ. ಆದರೆ ತಾಳದ 'ಝಣ್' ಬರೋದಿಲ್ಲ, 'ಟಣ್' ಅಷ್ಟೇ ಬರುತ್ತದೆ. ಮೇಲಿನ ತಾರಕವೇ ಇಲ್ಲ.

ಉಳಿದ ಎರಡು 1200ಕ್ಕೆ ಕತ್ತರಿಸಿದಾಗ, ನೇರ ಎದುರು ಕೂತವರಿಗೆ, ಎಷ್ಟು ಹತ್ತಿರ ಇದ್ದವು ಅಂದರೆ ಗೆಳೆಯ ಎರಡೆರಡು ಸಲ ಅದಲು ಬದಲು ಹೇಳಿದ. ಪ್ಲಾಸ್ಟಿಕ್‌ಗೆ ಒಂದು ತಿದ್ದುಪಡಿ ಬೇಕಾಯಿತು. ಅದು ಶಬ್ದವನ್ನು ಅಗಲವಾಗಿ ಹಂಚುವ ಜಾತಿಯದು, ಹಾಗಾಗಿ 4 ಕಿಲೋಹರ್ಟ್ಜ್ ಮೇಲೆ ನೇರ ಎದುರಿನ ದನಿ ಇಳಿಯುತ್ತಾ ಹೋಗುತ್ತದೆ. 5.6 ಓಮ್ ರೆಸಿಸ್ಟರ್ ಮೇಲೆ 6.8 ಮೈಕ್ರೋಫ್ಯಾರಡ್ ಅಡ್ಡ ಹಾಕಿದರೆ ಅಲ್ಲಿಂದ ಮೇಲಕ್ಕೆ ಎತ್ತಿಕೊಡುತ್ತದೆ. ಕಂಬಳಿ ಪಟ್ಟಿ ತೆಗೆದು ಕೇಳಿದಾಗ ಗಾಯಕರ ಉದ್ದನೆಯ 'ಆ'ಕಾರಕ್ಕೆ ಒರಟು ಅಂಚು ಬಂತು. ಹಾಕಿದಾಗ ಹೋಯಿತು.

ಆಮೇಲೆ ಬೇಕಂತಲೇ ಕೆಡಿಸಿ ನೋಡಿದೆ. 12.4 ಮೈಕ್ರೋಫ್ಯಾರಡ್, 3.2 ಮಿಲಿಹೆನ್ರಿ ಹಾಕಿ ದುಂಡು ಹಾರ್ನ್ ಅನ್ನು 800 ಹರ್ಟ್ಜ್‌ನಿಂದ ಓಡಿಸಿದೆ, ಸಣ್ಣ ದನಿಯಲ್ಲಿ. ಇಷ್ಟು ಕೆಳಗೆ ಈ ಡ್ರೈವರ್‌ಗೆ ಜೋರು ಕೊಟ್ಟರೆ ಡಯಾಫ್ರಾಮ್ ಉಳಿಯಲ್ಲ. ಅದೇ ಗಾಯಕ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಹಾಡಿದ ಹಾಗೆ ಕೇಳಿತು. ಗೆಳೆಯ ಪಂಚೆ ಈಚೆಯಿಂದಲೇ, "ಇದಾ ನೋಡು! ಇದಾ ಹಾರ್ನ್!" ಅಂದ. ಕಟ್‌ಆಫ್ ಹತ್ತಿರ ಹೋದಷ್ಟೂ ಹಾರ್ನ್ ಗಾಳಿಯನ್ನು ಸಮನಾಗಿ ಹಿಡಿಯೋದಿಲ್ಲ, ಬಾಯಿಯಿಂದ ಶಬ್ದ ಒಳಕ್ಕೆ ಮರಳುತ್ತದೆ, ಗೆರೆ ಏರಿಳಿಯುತ್ತದೆ. ಅವನು ಇಷ್ಟು ವರ್ಷ ಬೈಯುತ್ತಿದ್ದದ್ದು ಇದನ್ನೇ. ಹಾರ್ನ್ ಅದೇ, ಡ್ರೈವರ್ ಅದೇ, ಕತ್ತರಿಸಿದ ಜಾಗ ಬೇರೆ. ಕಟ್‌ಆಫ್‌ಗಿಂತ ಎರಡು ಪಟ್ಟಿನ ಮೇಲೆ ಇದ್ದರೆ ಒದರುವುದು ಹೆಚ್ಚುಕಮ್ಮಿ ಮಾಯ.

ಹಾಗಾದರೆ ಎರಡು ಹಾರ್ನ್ ನಡುವೆ ಉಳಿದದ್ದೇನು? ಶಬ್ದ ಎಲ್ಲೆಲ್ಲಿ ಬೀಳುತ್ತದೆ ಅನ್ನೋದು. ಇಲ್ಲಿ ಶಹಾಬಾದ್ ಕಲ್ಲು ಮಾತಾಡಿತು. ಪ್ಲಾಸ್ಟಿಕ್ ಹಾರ್ನ್‌ನ ಬಾಯಿ 12 ಇಂಚು ಅಗಲ, 6 ಇಂಚು ಎತ್ತರ. ಅಮೆರಿಕದ ಸ್ಪೀಕರ್ ಎಂಜಿನಿಯರ್ ಡಾನ್ ಕೀಲ್ ಅವರದೊಂದು ಸರಳ ಲೆಕ್ಕ ಇದೆ: 10 ಲಕ್ಷವನ್ನು ಬಾಯಿಯ ಇಂಚು ಮತ್ತು ಕೋನದ ಗುಣಾಕಾರದಿಂದ ಭಾಗಿಸಿ, ಬಂದ ಹರ್ಟ್ಜ್‌ಗಿಂತ ಕೆಳಗೆ ಆ ಹಾರ್ನ್‌ಗೆ ದಿಕ್ಕಿನ ಹಿಡಿತ ಇಲ್ಲ. ಅಡ್ಡಕ್ಕೆ 90 ಡಿಗ್ರಿ ಹಿಡಿದರೆ ಸುಮಾರು 925 ಹರ್ಟ್ಜ್, ಚೆನ್ನಾಗಿದೆ. ಮೇಲಿಂದ ಕೆಳಕ್ಕೆ 40 ಡಿಗ್ರಿ ಹಿಡಿದರೆ ಸುಮಾರು 4,170. ಅಂದರೆ ಮನುಷ್ಯನ ದನಿಯ ಮುಖ್ಯ ಭಾಗವನ್ನು ಅದು ನೆಲಕ್ಕೂ ಸ್ಲ್ಯಾಬಿಗೂ ಧಾರಾಳವಾಗಿ ಚೆಲ್ಲುತ್ತದೆ. ಕಲ್ಲು ಅದನ್ನು ಪೂರಾ ವಾಪಸ್ ಕೊಡುತ್ತದೆ.

ಸ್ಪೀಕರ್‌ಗೂ ನನಗೂ ನಡುವೆ ನೆಲಕ್ಕೆ ಎರಡು ದಪ್ಪ ಕೌದಿ ಹಾಸಿ ಮತ್ತೆ ಕೇಳಿದೆ. ಪ್ಲಾಸ್ಟಿಕ್ ಹಾರ್ನ್ ಬೇರೆಯದೇ ಆಯಿತು: ದನಿ ಒಂದು ಹೆಜ್ಜೆ ಹಿಂದೆ ಸರಿದು ಒಂದು ಜಾಗದಲ್ಲಿ ನಿಂತಿತು. ದುಂಡು ಹಾರ್ನ್‌ನಲ್ಲಿ ಕೌದಿಯಿಂದ ಆದ ಬದಲಾವಣೆ ಅಷ್ಟಿಲ್ಲ. ಅದು ಮೇಲೆ ಕೆಳಗೂ ಅಷ್ಟೇ ಬಿಗಿ, ಮೇಲಕ್ಕೆ ಹೋದಷ್ಟೂ ಇನ್ನೂ ಬಿಗಿ, ನೆಲಕ್ಕೆ ಮೊದಲೇ ಕಮ್ಮಿ ಕೊಡುತ್ತಿತ್ತು. ಕೌದಿ ಇದೆಯೋ ಇಲ್ಲವೋ ಅನ್ನುವ ವ್ಯತ್ಯಾಸ ಎರಡು ಹಾರ್ನ್ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ನನ್ನ ಕಿವಿಗೆ ಇಡೀ ಕೆಲಸದಲ್ಲಿ ಸಿಕ್ಕ ಸರಕು ಇದೇ. ಜನ 'ಹಾರ್ನ್ ಸೌಂಡ್' ಅಂತ ಹೋಲಿಸುತ್ತಿರುವುದು ಅರ್ಧಕ್ಕರ್ಧ ತಮ್ಮ ತಮ್ಮ ಮನೆಯ ನೆಲವನ್ನು.

ದುಂಡು ಹಾರ್ನ್‌ಗೂ ಕೊರತೆ ಇದೆ. 30 ಡಿಗ್ರಿ ಪಕ್ಕಕ್ಕೆ ಸರಿದರೆ ತಾಳದ ಹೊಳಪು ಹೋಗುತ್ತದೆ. ಗೋಡೆ ಪಕ್ಕ ಕೂತ ಹೆಂಡತಿ, "ನಿಮಗೊಬ್ಬರಿಗೇ ಮಾಡ್ಕೊಂಡೀರೇನು?" ಅಂತ ಕೇಳಿದ್ದು ಸರಿಯೇ. ಅದಕ್ಕೆ ಎರಡೂ ಸ್ಪೀಕರ್ ಒಳಕ್ಕೆ ಜಾಸ್ತಿ ತಿರುಗಿಸಿ, ಎರಡರ ನೋಟ ನಮ್ಮ ಮುಂದೆ ಒಂದಡಿ ದೂರದಲ್ಲಿ ಕೂಡುವಂತೆ ಮಾಡಿದೆ. ಎಡಕ್ಕೆ ಕೂತವರಿಗೆ ಹತ್ತಿರದ ಎಡ ಸ್ಪೀಕರ್ ಪಕ್ಕದಿಂದ, ಅಂದರೆ ಕಮ್ಮಿ ಕೇಳುತ್ತದೆ. ದೂರದ ಬಲ ಸ್ಪೀಕರ್ ನೇರವಾಗಿ, ಜಾಸ್ತಿ ಕೇಳುತ್ತದೆ. ದನಿ ನಡುವೆ ನಿಲ್ಲುತ್ತದೆ. ಈಗ ಮೂವರು ಕೂರಬಹುದು.

ನಮ್ಮ ಹಾಲ್‌ನಲ್ಲಿ ದುಂಡು ಜೋಡಿ ಉಳಿಯಿತು. ಕೌದಿಗಳು ಚಳಿಗಾಲಕ್ಕೆ ಹಾಸಿಗೆಗೆ ಹೋಗಲೇಬೇಕು, ಅವನ್ನು ನಂಬಿ ಸ್ಪೀಕರ್ ಇಡೋಕಾಗಲ್ಲ. ಪ್ಲಾಸ್ಟಿಕ್ ಜೋಡಿಯನ್ನು ಗೆಳೆಯನೇ ಕೇಳಿ ಒಯ್ದ. ಅವನ ಮನೆಯಲ್ಲಿ ಜಮಖಾನೆ ಬಾರಾ ತಿಂಗಳು ಹಾಸಿರುತ್ತದೆ, ಎಲ್ಲರೂ ಸಾಲಾಗಿ ಕೂರುತ್ತಾರೆ, ಅಗಲ ಹಾರ್ನ್ ಅಲ್ಲಿಗೇ ಸರಿ. ಹೋಗುವಾಗ ಚೀಟಿಯಲ್ಲಿ ಬರೆದುಕೊಟ್ಟೆ: 8.2, 2.1, 5.6, 3.9, ರೆಸಿಸ್ಟರ್ ಮೇಲೆ 6.8. ಹಾರ್ನ್ ತಂತಿ ಉಲ್ಟಾ. ಕಂಬಳಿ ಪಟ್ಟಿ ಕೀಳಬೇಡ.